ಒಂದೇ ಎಐ ಏಜೆಂಟ್‌ಗೆ ಬೇರೆ ಬೇರೆ ಕಂಪನಿಯ ಮಾಡೆಲ್ ಜೋಡಿಸುವುದು ಹೇಗೆ? ಕೀ ಬದಲಾಯಿಸಿದರೂ ಯಾಕೆ ನಡೆಯುತ್ತಿಲ್ಲ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ಹಾಸನದಲ್ಲಿ ನಿಮ್ಮ ಬೀಜ-ಗೊಬ್ಬರದ ಅಂಗಡಿಯ ಲೆಕ್ಕಕ್ಕೆ ಒಂದು ಎಐ ಏಜೆಂಟ್ (ಎಐ ಮಾಡೆಲನ್ನು ಕೇಳಿಕೊಂಡು ತಾನೇ ಫೈಲ್ ತೆರೆದು ಕೆಲಸ ಮಾಡುವ ಸಾಫ್ಟ್‌ವೇರ್) ಹಾಕಿಕೊಂಡಿದ್ದೀರಿ. ಓಪನ್‌ಎಐ ಕಂಪನಿಯ ಕೀ (ಮಾಡೆಲ್ ಬಳಸಲು ಕಂಪನಿ ಕೊಡುವ ಗುಟ್ಟಿನ ಅಕ್ಷರಮಾಲೆ) ಇದ್ದಾಗ ಸರಾಗವಾಗಿ ನಡೆಯುತ್ತಿತ್ತು. ಆಂತ್ರೋಪಿಕ್ ಎಂಬ ಇನ್ನೊಂದು ಕಂಪನಿಯ ಕೀ ಹಾಕಿದ ಮೇಲೆ 401 ಎಂಬ ತಪ್ಪಿನ ಸಂಖ್ಯೆ ತೋರಿಸುತ್ತಿದೆ. ಖರ್ಚೇ ಬೇಡವೆಂದು ಅಂಗಡಿಯ ಕಂಪ್ಯೂಟರಿನಲ್ಲೇ ಓಲಾಮಾ (ಮಾಡೆಲನ್ನು ನಮ್ಮದೇ ಯಂತ್ರದಲ್ಲಿ ನಡೆಸುವ ಸಾಫ್ಟ್‌ವೇರ್) ಹಾಕಿದರೆ ‘ಕನೆಕ್ಷನ್ ರಿಫ್ಯೂಸ್ಡ್’ ಅಂತ ಬರುತ್ತಿದೆ. ಏಜೆಂಟ್ ಓಡುತ್ತಿರುವುದು ಡಾಕರ್ ಒಳಗೆ, ಅಂದರೆ ಕಂಪ್ಯೂಟರಿನೊಳಗೇ ಪ್ರತ್ಯೇಕವಾಗಿ ಕಟ್ಟಿಟ್ಟ ‘ಕಂಟೇನರ್’ ಎಂಬ ಡಬ್ಬಿಯಲ್ಲಿ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಮೂಡಿಗೆರೆ, ಆಲ್ದೂರು ಕಡೆಯ ನಾಲ್ಕು ಕಾಫಿ ತೋಟಗಳ ಲೆಕ್ಕಪತ್ರ ನೋಡಿಕೊಳ್ಳುವುದು ಹೊಟ್ಟೆಪಾಡು. ನೀವು ಹೇಳಿದ ಎರಡೂ ಎಡವಟ್ಟು ನಾನೂ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು 401. ಏಜೆಂಟ್ ಒಂದು ಮಾಡೆಲ್ ಜೊತೆ ಮಾತಾಡಬೇಕಾದರೆ ವಿಳಾಸ, ಕೀ, ಮಾಡೆಲ್ ಹೆಸರು ಮೂರೂ ಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಳಾಸಕ್ಕೆ ‘ಬೇಸ್ ಯುಆರ್‌ಎಲ್’ ಅಂತಿರುತ್ತದೆ. ಈ ಮೂರು ಒಂದು ಜೊತೆ. ಕಂಪನಿ ಬದಲಾಯಿಸಿದರೆ ಮೂರನ್ನೂ ಬದಲಾಯಿಸಬೇಕು. ನೀವು ಬಹುಶಃ ಕೀ ಮಾತ್ರ ಬದಲಾಯಿಸಿದ್ದೀರಿ. ಆಗ ಆಂತ್ರೋಪಿಕ್‌ನ ಕೀ ಹಿಡಿದುಕೊಂಡು ಏಜೆಂಟ್ ಓಪನ್‌ಎಐ ಬಾಗಿಲಿಗೇ ಹೋಗುತ್ತದೆ. ಅಲ್ಲಿಯವರು ‘ನೀನ್ಯಾರಪ್ಪಾ’ ಅಂದದ್ದೇ 401.

ಇದರ ಮೇಲೆ ಇನ್ನೊಂದು ತೊಡಕಿದೆ. ಎರಡು ಕಂಪನಿಯವರೂ ಕೀಯನ್ನು ಒಂದೇ ಥರ ಕೇಳುವುದಿಲ್ಲ. ಓಪನ್‌ಎಐಗೆ ‘ಆಥರೈಜೇಶನ್’ ಎಂಬ ಹೆಡರ್‌ನಲ್ಲಿ (ಲಕೋಟೆಯ ಮೇಲಿನ ಬರಹದಂತೆ ಕೋರಿಕೆಯ ಜೊತೆ ಹೋಗುವ ಸಾಲು) ‘ಬೇರರ್’ ಎಂಬ ಪದದ ನಂತರ ಕೀ ಹೋಗಬೇಕು. ಆಂತ್ರೋಪಿಕ್‌ಗೆ ‘ಎಕ್ಸ್-ಎಪಿಐ-ಕೀ’ ಎಂಬ ಬೇರೆಯದೇ ಹೆಡರ್, ಜೊತೆಗೆ ಆವೃತ್ತಿಯ ದಿನಾಂಕ 2023-06-01 ಅಂತ ಇನ್ನೊಂದು. ಒಳಗಿನ ಪತ್ರವೂ ಬೇರೆ. ಆಂತ್ರೋಪಿಕ್‌ನಲ್ಲಿ ಸಿಸ್ಟಮ್ ಸೂಚನೆ (ಮಾಡೆಲ್ ಹೇಗೆ ನಡೆದುಕೊಳ್ಳಬೇಕು ಅನ್ನುವ ಮೂಲ ಸೂಚನೆ) ಸಂದೇಶಗಳ ಸಾಲಿನಲ್ಲಿ ಕೂರುವುದಿಲ್ಲ, ಪ್ರತ್ಯೇಕವಾಗಿ ಇರುತ್ತದೆ. ಉತ್ತರ ಹೆಚ್ಚೆಂದರೆ ಎಷ್ಟು ಟೋಕನ್ (ಮಾಡೆಲ್ ಮಾತನ್ನು ಎಣಿಸುವ ಸಣ್ಣ ತುಣುಕು) ಇರಬಹುದು ಅನ್ನುವುದನ್ನು ಹೇಳಲೇಬೇಕು, ಹೇಳದಿದ್ದರೆ 400, ಅಂದರೆ ‘ಕೋರಿಕೆಯೇ ಸರಿಯಿಲ್ಲ’ ಎಂದು ವಾಪಸ್ ಕಳಿಸುತ್ತದೆ. ಇದೆಲ್ಲ ನೀವು ಕೈಯಲ್ಲಿ ಬರೆಯಬೇಕಿಲ್ಲ. ಏಜೆಂಟ್‌ನ ಪ್ರೊವೈಡರ್ ಪಟ್ಟಿಯಲ್ಲಿ ‘ಆಂತ್ರೋಪಿಕ್’ ಆರಿಸಿದರೆ ಅದೇ ನೋಡಿಕೊಳ್ಳುತ್ತದೆ. ‘ಓಪನ್‌ಎಐ ಕಂಪ್ಯಾಟಿಬಲ್’ ಎಂಬ ಆಯ್ಕೆಯಲ್ಲಿ ಆಂತ್ರೋಪಿಕ್ ಕೀ ತುರುಕಬೇಡಿ. ಆ ಶೈಲಿಗೆ ಹೊಂದುವ ಬಾಗಿಲನ್ನು ಆಂತ್ರೋಪಿಕ್‌ನವರೂ ಇಟ್ಟಿದ್ದಾರೆ, ಆದರೆ ಅದು ಪರೀಕ್ಷೆ ಮಾಡಿ ನೋಡಲು. ದಿನದ ಕೆಲಸಕ್ಕೆ ಅವರದೇ ಬಾಗಿಲು ವಾಸಿ.

ಎಲ್ಲ ಸರಿ ಮಾಡಿದ ಮೇಲೂ 401 ಬಂದರೆ ನನ್ನ ಕಥೆ ಓದಿ. ಸೆಟ್ಟಿಂಗ್ಸ್ ಫೈಲಿನಲ್ಲಿ ಹೊಸ ಕೀ ಹಾಕಿ ಒಂದು ಸಂಜೆಯೆಲ್ಲ ಒದ್ದಾಡಿದೆ. ಆಗಲಿಲ್ಲ. ಕೊನೆಗೆ ನೋಡಿದರೆ, ಎರಡು ತಿಂಗಳ ಹಿಂದೆ ಏನೋ ಪ್ರಯೋಗ ಮಾಡುವಾಗ ಹಳೆಯ ಕೀಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ (ಫೈಲಿನ ಹೊರಗೆ, ಕಂಪ್ಯೂಟರಿನ ವ್ಯವಸ್ಥೆಯಲ್ಲೇ ಇಡುವ ಸೆಟ್ಟಿಂಗ್) ಆಗಿ ಇಟ್ಟು ಮರೆತಿದ್ದೆ. ನಾನು ಬಳಸುವ ಏಜೆಂಟ್ ಮೊದಲು ಅದನ್ನು ನೋಡುತ್ತದೆ, ಆಮೇಲೆ ಫೈಲನ್ನು. ಫೈಲಿನಲ್ಲಿ ನಾನು ಏನು ಬರೆದರೂ ಅದು ತಿರುಗಿಯೂ ನೋಡುತ್ತಿರಲಿಲ್ಲ. ನಿಮ್ಮ ಏಜೆಂಟ್ ಯಾವುದನ್ನು ಮೊದಲು ಓದುತ್ತದೆ ಅಂತ ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಡಾಕರ್ ಆದರೆ ಇನ್ನೂ ಒಂದು ಹೆಜ್ಜೆ: ವೇರಿಯಬಲ್ ಬದಲಾಯಿಸಿ ಕಂಟೇನರನ್ನು ಬರೀ ರೀಸ್ಟಾರ್ಟ್ ಮಾಡಿದರೆ ಸಾಲದು, ಹೊಸದಾಗಿ ಸೃಷ್ಟಿಸಬೇಕು. ಹಾಗೇ, ಕೀಯನ್ನು ವಾಟ್ಸ್ಯಾಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡು ಕಾಪಿ ಮಾಡುವ ಅಭ್ಯಾಸ ಬಿಡಿ. ಕೊನೆಯಲ್ಲಿ ಒಂದು ಸ್ಪೇಸ್ ಅಂಟಿಕೊಂಡರೂ 401 ಬರಬಹುದು, ಕಣ್ಣಿಗಂತೂ ಕಾಣುವುದಿಲ್ಲ.

404 ಬಂದರೆ ತೊಂದರೆ ಸಾಮಾನ್ಯವಾಗಿ ಕೀಯದ್ದಲ್ಲ, ವಿಳಾಸ ಇಲ್ಲವೇ ಮಾಡೆಲ್ ಹೆಸರು ತಪ್ಪಿರುತ್ತದೆ. ಕೆಲವು ಏಜೆಂಟ್‌ಗಳು ವಿಳಾಸದ ಬಾಲಕ್ಕೆ ತಾವೇ ‘ವಿ1’ ಸೇರಿಸುತ್ತವೆ. ನೀವೂ ಸೇರಿಸಿದ್ದರೆ ‘ವಿ1’ ಎರಡು ಸಲ ಆಗಿ ಇಲ್ಲದ ಊರಿಗೆ ದಾರಿ ಕೇಳಿದಂತಾಗುತ್ತದೆ.

ಇನ್ನು ಓಲಾಮಾ. ನಿಮ್ಮ ತೊಂದರೆಯ ಬೇರು ‘ಲೋಕಲ್‌ಹೋಸ್ಟ್’ ಎಂಬ ಪದದಲ್ಲಿದೆ. ಲೋಕಲ್‌ಹೋಸ್ಟ್ ಎಂದರೆ ‘ನಾನಿರುವ ಮನೆ’. ಓಲಾಮಾ 11434ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುವುದು ನಿಮ್ಮ ಕಂಪ್ಯೂಟರಿನಲ್ಲಿ. ಏಜೆಂಟ್ ಇರುವುದು ಡಾಕರ್ ಎಂಬ ಇನ್ನೊಂದು ಮನೆಯೊಳಗೆ. ಅದು ‘ಲೋಕಲ್‌ಹೋಸ್ಟ್’ ಎಂದು ಕೂಗಿದರೆ ತನ್ನ ಮನೆಯಲ್ಲೇ ಹುಡುಕುತ್ತದೆ. ಅಲ್ಲಿ ಓಲಾಮಾ ಎಲ್ಲಿಂದ ಬರಬೇಕು? ಆ ಜಾಗದಲ್ಲಿ ‘ಹೋಸ್ಟ್ ಡಾಟ್ ಡಾಕರ್ ಡಾಟ್ ಇಂಟರ್ನಲ್’ ಎಂದು ಹಾಕಿ, ಪೋರ್ಟ್ ಅದೇ 11434, ಕೊನೆಗೆ ಸ್ಲ್ಯಾಶ್ ವಿ1. ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಇದ್ದರೆ ಇಷ್ಟು ಸಾಕು. ಲಿನಕ್ಸ್ ಆದರೆ ಈ ಹೆಸರನ್ನು ಕಂಪೋಸ್ ಫೈಲಿನ (ಡಾಕರ್‌ನ ಸೆಟ್ಟಿಂಗ್ಸ್ ಫೈಲ್) ‘ಎಕ್ಸ್‌ಟ್ರಾ ಹೋಸ್ಟ್ಸ್’ ಭಾಗದಲ್ಲಿ ‘ಹೋಸ್ಟ್-ಗೇಟ್‌ವೇ’ಗೆ ಕಟ್ಟಬೇಕು. ಜೊತೆಗೆ ಓಲಾಮಾ ತಾನಾಗಿ 127.0.0.1ಕ್ಕೆ, ಅಂದರೆ ತನ್ನ ಮನೆಯವರಿಗೆ, ಮಾತ್ರ ಕಿವಿಗೊಡುವುದರಿಂದ, ‘ಓಲಾಮಾ ಹೋಸ್ಟ್’ ಎಂಬ ವೇರಿಯಬಲ್‌ಗೆ 0.0.0.0 (ಎಲ್ಲ ಕಡೆಗೂ ಕಿವಿಗೊಡು) ಕೊಡಬೇಕಾಗುತ್ತದೆ. ಕೊಟ್ಟ ಮೇಲೆ ಅಂಗಡಿಯ ವೈಫೈಗೆ ಬಂದವರೆಲ್ಲ ನಿಮ್ಮ ಓಲಾಮಾ ಬಳಸಬಹುದು, ಫೈರ್‌ವಾಲ್ ನೋಡಿಕೊಳ್ಳಿ. ಗಿರಾಕಿಗಳಿಗೆ ವೈಫೈ ಪಾಸ್‌ವರ್ಡ್ ಕೊಟ್ಟಿದ್ದೀರಾ?

ಓಲಾಮಾಕ್ಕೆ ಕೀ ಬೇಡ. ಆದರೆ ಕೀ ಖಾನೆ ಖಾಲಿ ಬಿಟ್ಟರೆ ಎಷ್ಟೋ ಏಜೆಂಟ್‌ಗಳು ಮುಂದೆ ಹೋಗುವುದಿಲ್ಲ. ಏನಾದರೂ ನಾಲ್ಕಕ್ಷರ ಗೀಚಿ. ಮಾಡೆಲ್ ಹೆಸರು ಮಾತ್ರ ಗೀಚಬೇಡಿ. ಟರ್ಮಿನಲ್‌ನಲ್ಲಿ ‘ಓಲಾಮಾ ಲಿಸ್ಟ್’ ಕೊಟ್ಟಾಗ ಕೋಲನ್ ನಂತರದ ಬಾಲದ ಸಮೇತ ಏನು ಬರುತ್ತದೋ ಅದನ್ನೇ ಎತ್ತಿ ಹಾಕಿ.

ಕನೆಕ್ಷನ್ ಸಿಕ್ಕಿತು, ‘ನಮಸ್ಕಾರ’ ಎಂದರೆ ‘ನಮಸ್ಕಾರ’ ಎಂದಿತು. ಇಲ್ಲಿಗೆ ಮುಗಿಯಿತು ಅಂದುಕೊಂಡವನು ನಾನು. ಚಾಟ್ ಮಾಡುವುದು ಬೇರೆ, ಏಜೆಂಟ್ ಕೆಲಸ ಮಾಡುವುದು ಬೇರೆ. ಏಜೆಂಟ್ ಫೈಲ್ ತೆರೆಯಬೇಕು, ಬರೆಯಬೇಕು, ಮತ್ತೆ ಓದಬೇಕು. ಇದಕ್ಕೆ ಮಾಡೆಲ್‌ಗೆ ಟೂಲ್ ಕರೆಯುವ ಅಭ್ಯಾಸವಿರಬೇಕು. ಇಲ್ಲದ ಮಾಡೆಲ್ ‘ಫೈಲಿನಲ್ಲಿ ಬರೆದಿದ್ದೇನೆ’ ಎಂದು ಧೈರ್ಯವಾಗಿ ಹೇಳುತ್ತದೆ, ತೆರೆದು ನೋಡಿದರೆ ಫೈಲ್ ಖಾಲಿ. ಇಲ್ಲವಾದರೆ ಮಾಡಬೇಕಿದ್ದ ಕರೆಯನ್ನೇ ಬ್ರಾಕೆಟ್ ಸಮೇತ ಚಾಟ್‌ನಲ್ಲಿ ಕಕ್ಕುತ್ತದೆ. ಓಲಾಮಾದ ಪುಟದಲ್ಲಿ ಮಾಡೆಲ್ ಹೆಸರಿನ ಕೆಳಗೆ ‘ಟೂಲ್ಸ್’ ಎಂಬ ಚೀಟಿ ಇದ್ದರೆ ಮಾತ್ರ ಇಳಿಸಿಕೊಳ್ಳಿ.

ಚೀಟಿ ಇದ್ದೂ ಮಂಕಾಗಿ ವರ್ತಿಸಿದರೆ ಕಾಂಟೆಕ್ಸ್ಟ್, ಅಂದರೆ ಮಾಡೆಲ್ ಒಂದು ಸಲಕ್ಕೆ ತಲೆಯಲ್ಲಿಟ್ಟುಕೊಳ್ಳುವ ಮಾತಿನ ಮಿತಿ, ನೋಡಿ. ನಮ್ಮಂಥವರ ಸಾಮಾನ್ಯ ಯಂತ್ರದಲ್ಲಿ ಓಲಾಮಾ ತಾನಾಗಿ ಇಡುವ ಕಾಂಟೆಕ್ಸ್ಟ್ ಕೆಲವೇ ಸಾವಿರ ಟೋಕನ್. ಏಜೆಂಟ್‌ನ ಸೂಚನೆಗಳು, ಟೂಲ್‌ಗಳ ವಿವರಣೆಯೇ ಅದನ್ನು ತುಂಬಿಬಿಡುತ್ತವೆ. ತುಂಬಿದ್ದು ಓಲಾಮಾ ಹೇಳುವುದಿಲ್ಲ, ಸದ್ದಿಲ್ಲದೆ ಒಂದಷ್ಟು ಕತ್ತರಿಸುತ್ತದೆ. ತನ್ನ ಬಳಿ ಟೂಲ್ ಇದೆ ಅನ್ನುವುದೇ ಮಾಡೆಲ್‌ಗೆ ಗೊತ್ತಿರುವುದಿಲ್ಲ. ಪಾಪ, ಬೈಸಿಕೊಳ್ಳುವುದು ಅದು. ನಾನು 32 ಸಾವಿರಕ್ಕೆ ಏರಿಸಿದ ಮೇಲೆ ಅದೇ ಮಾಡೆಲ್ ಬೇರೆಯದೇ ಒಂದರ ಹಾಗೆ ಕಂಡಿತು. ಆದರೆ ಏರಿಸಿದಷ್ಟೂ ಮೆಮೊರಿ ತಿನ್ನುತ್ತದೆ. 16 ಜಿಬಿ ರ‍್ಯಾಮ್‌ನಲ್ಲಿ 8 ಬಿಲಿಯನ್ ಗಾತ್ರದ ಮಾಡೆಲ್ ಜೊತೆಗೆ ಇಷ್ಟು ಇಟ್ಟರೆ ಲೆಕ್ಕದ ಸಾಫ್ಟ್‌ವೇರ್ ತೆರೆಯುವ ಮುಂಚೆ ಒಂದು ಲೋಟ ಕಾಫಿ ಕುಡಿದು ಬರಬಹುದು.

ಈಗ ಪರೀಕ್ಷೆಯ ವಿಷಯ. ಯಾವುದೇ ಹೊಸ ಮಾಡೆಲ್ ಜೋಡಿಸಿದರೂ ನಾನು ಮೊದಲು ಕೊಡುವುದು ಮಳೆ ಲೆಕ್ಕ. ನಮ್ಮ ಕಡೆ ತೋಟಗಳಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ತೋಟದ ರೈಟ್ರು (ಲೆಕ್ಕ ಬರೆಯುವವರು) ಬೆಳಗ್ಗೆ ವಾಟ್ಸ್ಯಾಪ್‌ನಲ್ಲಿ ಕಳಿಸುತ್ತಾರೆ, ಹೀಗೆ: ‘ಸೋಮವಾರ 1 ಇಂಚು 20 ಸೆಂಟ್, ಮಂಗಳವಾರ 80 ಸೆಂಟ್, ಬುಧವಾರ 5 ಸೆಂಟ್’. ಇದನ್ನು ಮಿಲಿಮೀಟರಿಗೆ ತಿರುಗಿಸಿ ಫೈಲಿನಲ್ಲಿ ಬರೆ, ಒಟ್ಟು ಹಾಕು ಎನ್ನುತ್ತೇನೆ. ಒಟ್ಟು 2 ಇಂಚು 5 ಸೆಂಟ್, ಅಂದರೆ 52.07 ಮಿ.ಮೀ. ಬರಬೇಕು. ಮೊದಲ ಸಲ ಓಲಾಮಾದ ಒಂದು ಪುಟ್ಟ ಮಾಡೆಲ್ 63.5 ಎಂದಿತು. 5 ಸೆಂಟನ್ನು ಅರ್ಧ ಇಂಚು ಅಂದುಕೊಂಡಿದೆ! ಇನ್ನೊಂದು ಮಾಡೆಲ್ ಇನ್ನೂ ಮುಂದೆ ಹೋಗಿ ‘80 ಸೆಂಟ್ ಜಮೀನು’ ಎಂದು ಓದಿ ಅದನ್ನು ಎಕರೆಗೆ ತಿರುಗಿಸಿ ಕೊಟ್ಟಿತು. ಮಾರ್ಚ್‌ನ ಹೂಮಳೆ ಹೊತ್ತಿನಲ್ಲಿ ಈ ಲೆಕ್ಕ ಸಾಹುಕಾರರ ಕೈಗೆ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ನಿಮ್ಮ ಅಂಗಡಿಯಲ್ಲೂ ಇಂಥ ಒಂದು ಲೆಕ್ಕ ಇದ್ದೇ ಇರುತ್ತದೆ. ಆಲೂಗಡ್ಡೆ ಬಿತ್ತನೆ ಬೀಜದ ಚೀಲ, ಕ್ವಿಂಟಾಲ್, ಉದ್ರಿ ಬಾಕಿ ಸೇರಿದ ಮೂರು ಸಾಲು ಸಾಕು. ಉತ್ತರ ನಿಮಗೆ ಮೊದಲೇ ಗೊತ್ತಿರಬೇಕು, ಮತ್ತು ಫೈಲ್ ತೆರೆದು ಕಣ್ಣಾರೆ ನೋಡಬೇಕು.

ಒಂದು ಎಚ್ಚರಿಕೆ: ಪರೀಕ್ಷೆಗೆ ಪ್ರತಿ ಸಲ ಹೊಸ ಸೆಶನ್ ತೆರೆಯಿರಿ. ಒಂದು ಕಂಪನಿಯ ಮಾಡೆಲ್ ಜೊತೆ ಅರ್ಧ ಮಾತಾಡಿ, ನಡುವೆ ಇನ್ನೊಂದಕ್ಕೆ ಹಾರಿದರೆ ಹಳೆಯ ಟೂಲ್ ಕರೆಗಳ ದಾಖಲೆ ಹೊಸದಕ್ಕೆ ಜೀರ್ಣವಾಗದೆ 400 ಬರಬಹುದು. ಇಬ್ಬರೂ ಅದನ್ನು ಬರೆದಿಡುವ ರೀತಿಯೇ ಬೇರೆ.

ನಾಲ್ಕೈದು ಕಂಪನಿಗಳ ಮಾಡೆಲ್ ಬೇಕೇ ಬೇಕು ಅನ್ನುವಂತಿದ್ದರೆ ನಡುವೆ ಒಬ್ಬ ದಲ್ಲಾಳಿಯನ್ನು ಇಟ್ಟುಕೊಳ್ಳಬಹುದು. ಓಪನ್‌ರೂಟರ್ ಅಂಥದ್ದು: ಒಂದೇ ಕೀ, ಒಂದೇ ವಿಳಾಸ, ಹಿಂದೆ ಹಲವು ಕಂಪನಿಗಳು. ಮಂಡಿಯ ದಲ್ಲಾಳಿಯ ಹಾಗೆ ಅವರದೂ ಒಂದು ಪಾಲು ಇರುತ್ತದೆ, ಕ್ರೆಡಿಟ್ ತುಂಬುವಾಗ ಹಿಡಿಯುತ್ತಾರೆ. ಅಲ್ಲಿ ಮಾಡೆಲ್ ಹೆಸರಿಗೂ ಮೊದಲು ಕಂಪನಿಯ ಹೆಸರು, ಸ್ಲ್ಯಾಶ್ ಬರಬೇಕು. ನೇರ ಕಂಪನಿಗೆ ಹೋಗುವಾಗ ಅದು ಬರಬಾರದು. ಲೈಟ್‌ಎಲ್‌ಎಲ್‌ಎಂ ಎಂಬುದನ್ನು ನಿಮ್ಮ ಯಂತ್ರದಲ್ಲೇ ನಡೆಸಿ ಸ್ವಂತ ದಲ್ಲಾಳಿಯನ್ನೂ ಮಾಡಿಕೊಳ್ಳಬಹುದು. ಒಂದು ಅಂಗಡಿಗೆ ಅಷ್ಟೆಲ್ಲ ಬೇಡ ಅಂತ ನನ್ನ ಅನಿಸಿಕೆ.

ಈ ದಲ್ಲಾಳಿಗಳಲ್ಲಿ, ಕೆಲವು ಏಜೆಂಟ್‌ಗಳಲ್ಲೂ, ‘ಫಾಲ್‌ಬ್ಯಾಕ್’ ಎಂಬ ಸೌಲಭ್ಯ ಇರುತ್ತದೆ. ಒಂದು ಮಾಡೆಲ್ ಬಿದ್ದರೆ ತಾನಾಗಿ ಇನ್ನೊಂದಕ್ಕೆ ಹೋಗುತ್ತದೆ. ನಾನು ಇದನ್ನು ಖುಷಿಯಿಂದ ಆನ್ ಮಾಡಿದ್ದೆ, ಯಾಕೆಂದರೆ ಜುಲೈ ಮಳೆಯಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಇಲ್ಲಿ ಎರಡು ದಿನ ನೆಟ್ ಇರುವುದಿಲ್ಲ, ಆಗ ಓಲಾಮಾ ಕೈ ಹಿಡಿಯಲಿ ಅಂತ. ಆದದ್ದು ಉಲ್ಟಾ. ಒಂದು ದಿನ ಓಲಾಮಾ ಮೆಮೊರಿ ಸಾಲದೆ ಮಲಗಿತು, ಏಜೆಂಟ್ ಕ್ಲೌಡಿಗೆ, ಅಂದರೆ ಹೊರಗಿನ ಕಂಪನಿಯ ಮಾಡೆಲ್‌ಗೆ, ಹಾರಿತು. ಆ ಹೊತ್ತಿಗೆ ಅದರ ಕೈಯಲ್ಲಿದ್ದದ್ದು ತೋಟದ ಚೆಕ್‌ರೋಲ್: ಆಳುಗಳ ಹೆಸರು, ಸಂಬಳ, ಬ್ಯಾಂಕ್ ಖಾತೆ. ಹೊರಗೆ ಹೋಗಬಾರದೆಂದೇ ಓಲಾಮಾಕ್ಕೆ ಕೊಟ್ಟಿದ್ದ ಕೆಲಸ ಅದು. ಅಂದಿನಿಂದ ಎರಡು ಪ್ರೊಫೈಲ್ ಮಾಡಿದ್ದೇನೆ. ಜನರ ವಿವರ ಇರುವ ಕೆಲಸದ ಪ್ರೊಫೈಲ್‌ನಲ್ಲಿ ಓಲಾಮಾ ಒಂದೇ, ಕ್ಲೌಡ್ ಕೀಯೇ ಇಲ್ಲ. ಅದು ಬಿದ್ದರೆ ಕೆಲಸ ನಿಲ್ಲಲಿ. ನಿಮ್ಮ ಉದ್ರಿ ಪುಸ್ತಕಕ್ಕೂ ಹಾಗೇ ಮಾಡಿ.

ಖರ್ಚಿನ ಬಗ್ಗೆಯೂ ಕೇಳಿದ್ದಿರಿ. ಓಪನ್‌ಎಐನ ಚಾಟ್‌ಜಿಪಿಟಿಗೆ ತಿಂಗಳ ಚಂದಾ ಕಟ್ಟಿದ್ದರೂ ಎಪಿಐಗೆ (ಏಜೆಂಟ್ ಕೀ ಹಿಡಿದು ಹೋಗುವ ಬಾಗಿಲು) ಪ್ರತ್ಯೇಕವಾಗಿ ದುಡ್ಡು ಹಾಕಬೇಕು, ಅದು ಬೇರೆ ಖಾತೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಇರಬೇಕು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ಹೋಗುತ್ತದೆ, ಎಷ್ಟು ಜಾಸ್ತಿ ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ನಾನು ಸಿಸ್ಟಮ್ ಸೂಚನೆ ಇಂಗ್ಲಿಷಿನಲ್ಲಿಟ್ಟು, ರೈಟ್ರ ಸಂದೇಶವನ್ನು ಮಾತ್ರ ಕನ್ನಡದಲ್ಲೇ ಬಿಡುತ್ತೇನೆ. ಏನೇ ಇರಲಿ, ತಿಂಗಳ ಮಿತಿ ಹಾಕದೆ ಏಜೆಂಟ್‌ಗೆ ಕೀ ಕೊಡಬೇಡಿ. ಚಾಟ್‌ನಲ್ಲಿ ನಾವು ಒಂದು ಸಲ ಕೇಳಿದರೆ ಒಂದು ಸಲ ಹೋಗುತ್ತದೆ. ಏಜೆಂಟ್ ಒಂದು ಕೆಲಸಕ್ಕೆ ಇಪ್ಪತ್ತು ಸಲ ಹೋಗಿ ಬರುತ್ತದೆ, ಪ್ರತಿ ಸಲವೂ ಹಿಂದಿನ ಮಾತನ್ನೆಲ್ಲ ಹೊತ್ತುಕೊಂಡು. 429, ಅಂದರೆ ‘ತುಂಬಾ ಸಲ ಕೇಳುತ್ತಿದ್ದೀಯ’ ಅಂತ ಬರುವುದೂ ಇದೇ ಕಾರಣಕ್ಕೆ. ಸ್ವಲ್ಪ ಬಿಟ್ಟು ಪ್ರಯತ್ನಿಸಿ. ಹಾಗೂ ಹೋಗದಿದ್ದರೆ ಖಾತೆಯಲ್ಲಿ ದುಡ್ಡು ಇದೆಯಾ ನೋಡಿ, ಓಪನ್‌ಎಐ ದುಡ್ಡು ಮುಗಿದಾಗಲೂ ಅದೇ 429 ಕೊಡುತ್ತದೆ.

ಇಷ್ಟು ಮಾಡಿಯೂ ಕೂರದಿದ್ದರೆ ಕೆಳಗೆ ಬರೆಯಿರಿ: ಯಾವ ಏಜೆಂಟ್, ಬೇಸ್ ಯುಆರ್‌ಎಲ್ ಏನಿದೆ, ಮಾಡೆಲ್ ಹೆಸರು, ಲಾಗ್‌ನ ಕೊನೆಯ ಹತ್ತು ಸಾಲು. ಲಾಗ್ ಹಾಕುವ ಮುಂಚೆ ಒಮ್ಮೆ ಓದಿ, ಕೆಲವು ಏಜೆಂಟ್‌ಗಳು ಅದರಲ್ಲಿ ಪೂರ್ತಿ ಕೀಯನ್ನೇ ಬರೆದಿಟ್ಟಿರುತ್ತವೆ. ನಾನು ರಾತ್ರಿ ಒಂಬತ್ತರ ಮೇಲೆ ನೋಡುತ್ತೇನೆ, ಕರೆಂಟ್ ಇದ್ದರೆ.