ಓದುಗರ ಪ್ರಶ್ನೆ: ಬಿ ಫಾರಂ ಇಲ್ಲದ ಟಿಕೆಟ್

ಪ್ರಶ್ನೆ: ಅಮೆರಿಕದಲ್ಲಿ ಹಾಲಿ ಶಾಸಕರೂ ಮರು ಆಯ್ಕೆಗೆ ಮೊದಲು ‘ಪ್ರೈಮರಿ’ ಗೆಲ್ಲಬೇಕಂತೆ. ಟಿಕೆಟ್ ಕೊಡುವುದು ಪಕ್ಷವಲ್ಲವೇ? – ಸಾಗರದ ಓದುಗರು

ಉತ್ತರ: ಟಿಕೆಟ್ ಕೊಡುವವರು ಮತದಾರರು. ನವೆಂಬರಿನ ಅಂತಿಮ ಚುನಾವಣೆಗೆ ಮೊದಲು ಪ್ರತಿ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಮತದಾನವೇ ಪ್ರೈಮರಿ. ಅಲ್ಲಿ ಹೈಕಮಾಂಡೂ ಇಲ್ಲ, ಬಿ ಫಾರಮ್ಮೂ ಇಲ್ಲ. ನಿಯಮ ರಾಜ್ಯಕ್ಕೊಂದು ತರಹ ಇರುವುದರಿಂದ, ಹಳ್ಳಿಗಾಡಿನಲ್ಲೂ ಪ್ರಗತಿಪರರು ಗೆದ್ದು ಬರುವ ವರ್ಮಾಂಟ್ ರಾಜ್ಯವನ್ನೇ ಹಿಡಿದು ಹೇಳುತ್ತೇವೆ. ಅಲ್ಲಿನ ಕೆಳಮನೆಗೆ 150 ಸ್ಥಾನ, ಅವಧಿ ಎರಡೇ ವರ್ಷ. ಒಬ್ಬ ಶಾಸಕರ ಪಾಲಿಗೆ ಸುಮಾರು 4,300 ಜನ. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಗ್ರಾಮ ಪಂಚಾಯಿತಿ.

ಪ್ರೈಮರಿ ನಡೆಯುವುದು ಆಗಸ್ಟ್ ತಿಂಗಳ ಎರಡನೇ ಮಂಗಳವಾರ. ಅದಕ್ಕೆ ಮೇ ಕೊನೆಯ ಗುರುವಾರ ಸಂಜೆ 5ರೊಳಗೆ ಕ್ಷೇತ್ರದ 50 ಮತದಾರರ ಸಹಿ ಸಲ್ಲಿಸಬೇಕು. ಹಾಲಿ ಶಾಸಕರು ಎಡವುವುದು ಇಲ್ಲೇ. ಜನವರಿಯಿಂದ ಮೇವರೆಗೆ ರಾಜಧಾನಿ ಮಾಂಟ್‌ಪೆಲಿಯರ್‌ನಲ್ಲಿ ಅಧಿವೇಶನ. ಕೊನೆಯ ವಾರಗಳಲ್ಲಂತೂ ಊರಿಗೆ ಬರಲು ಪುರುಸೊತ್ತಿಲ್ಲ. ಅಂಗಡಿ ಮುಂದೆ ನಿಂತು ಐವತ್ತು ಸಹಿ ಹಾಕಿಸಿಕೊಂಡರೆ, ಹತ್ತು ಜನ ಪಕ್ಕದ ಕ್ಷೇತ್ರದವರು, ಇಬ್ಬರ ಹೆಸರು ಪಟ್ಟಿಯಲ್ಲೇ ಇಲ್ಲ, ಒಬ್ಬರ ಅಕ್ಷರ ದೇವರಿಗೇ ಪ್ರೀತಿ. ಎಂಬತ್ತಾದರೂ ಮಾಡಿಟ್ಟುಕೊಳ್ಳಬೇಕು.

ಪ್ರಶ್ನೆ: ಮನೆಗಳು ಅಷ್ಟು ದೂರ ದೂರ ಇರುವ ಕಡೆ ಪ್ರಚಾರ ಹೇಗೆ? – ಕೊಪ್ಪದ ಓದುಗರು

ಉತ್ತರ: ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಣ್ಣುರಸ್ತೆ, ಒಂಟಿಮನೆ, ಅಂಗಳದಲ್ಲಿ ನಾಯಿ. ಗಂಟೆಗೆ ಹತ್ತು ಮನೆ ಮುಗಿದರೆ ಪುಣ್ಯ. ಆದ್ದರಿಂದ ಎಲ್ಲ ಮನೆಗೂ ಹೋಗುವ ಆಸೆ ಬಿಡಬೇಕು. ಊರಿನ ಮತದಾನ ನೋಡಿಕೊಳ್ಳುವ ಟೌನ್ ಕ್ಲರ್ಕ್ ಕಚೇರಿಯ ಮತದಾರರ ಪಟ್ಟಿ ತೆಗೆದು, ಹಿಂದಿನ ಆಗಸ್ಟ್ ಪ್ರೈಮರಿಗಳಲ್ಲಿ ಮತ ಹಾಕಿದವರನ್ನು ಗುರುತು ಹಾಕಿಕೊಂಡು ಅಲ್ಲಿಂದ ಶುರು ಮಾಡಬೇಕು. ನವೆಂಬರಿನಲ್ಲಿ ಮಾತ್ರ ಬರುವವರ ಬಾಗಿಲಿಗೆ ಜುಲೈಯಲ್ಲಿ ಹೋಗುವುದು ಪೆಟ್ರೋಲ್ ದಂಡ. ಒಣಹುಲ್ಲು ಕೊಯ್ದು ಹಾಕಿದ ದಿನ ರೈತರ ಮನೆಗೆ ಹೋಗಲೇಬೇಡಿ. ಮಳೆ ಬರುವ ಮೊದಲು ಹುಲ್ಲು ಒಳಸೇರಬೇಕು, ನಿಮ್ಮ ಕರಪತ್ರ ಯಾರಿಗೆ ಬೇಕು? ಶನಿವಾರ ಊರಿನ ಕಸ ಹಾಕುವ ಜಾಗದಲ್ಲಿ ನಿಂತರೆ ಅರ್ಧ ಊರೇ ಸಿಗುತ್ತದೆ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕರಪತ್ರ ಬಾಗಿಲಿಗೆ ಸಿಕ್ಕಿಸಿ ಬನ್ನಿ. ಮನೆ ಮುಂದಿನ ಅಂಚೆಪೆಟ್ಟಿಗೆಗೆ ಸ್ಟಾಂಪಿಲ್ಲದ ಕಾಗದ ಹಾಕುವುದು ಕೇಂದ್ರ ಕಾನೂನಿನ ಪ್ರಕಾರ ತಪ್ಪು. ಹೊಸ ಕಾರ್ಯಕರ್ತರು ಮೊದಲ ದಿನವೇ ಮಾಡುವ ಎಡವಟ್ಟಿದು.

ಮಾತು ಬಹುತೇಕ ಆಸ್ತಿ ತೆರಿಗೆಗೇ ಬಂದು ನಿಲ್ಲುತ್ತದೆ, ಅಲ್ಲಿ ಶಾಲೆಗಳು ನಡೆಯುವುದು ಹೆಚ್ಚಾಗಿ ಅದರಿಂದಲೇ. 2024ರಲ್ಲಿ ಅದು ಜೋರಾಗಿ ಏರಿತು. ಆ ನವೆಂಬರಿನಲ್ಲಿ ಡೆಮಾಕ್ರಟಿಕ್ ಬಣ ಶಾಸನಸಭೆಯಲ್ಲಿದ್ದ ಮೂರನೇ ಎರಡರಷ್ಟು ಬಹುಮತವನ್ನೇ ಕಳೆದುಕೊಂಡಿತು. ಇಲ್ಲಿ ಸಿದ್ಧಾಂತ ಮಾತಾಡಿ ಉಪಯೋಗವಿಲ್ಲ. ಅವರ ಬಿಲ್ಲನ್ನೇ ತರಿಸಿ, ಊಟದ ಮೇಜಿನ ಮೇಲೆ ಹರಡಿ, ‘ಎಚ್‌ಎಸ್-122’ ಅರ್ಜಿ ತುಂಬಿದ್ದಾರೆಯೇ, ವರಮಾನ ತೋರಿಸುವ ‘ಎಚ್‌ಐ-144’ ಜೊತೆಗಿದೆಯೇ ಎಂದು ಕೇಳಬೇಕು. ಆದಾಯ ಕಡಿಮೆ ಇರುವವರಿಗೆ ರಿಯಾಯಿತಿ ಸಿಗುವುದು ಇವೆರಡರಿಂದ. ಏಪ್ರಿಲ್ ಗಡುವು ತಪ್ಪಿದ್ದರೂ ಅಕ್ಟೋಬರ್ 15ರವರೆಗೆ ತಡವಾಗಿ ಸಲ್ಲಿಸಬಹುದು. ಹತ್ತು ಭಾಷಣಕ್ಕಿಂತ ಈ ಒಂದು ಕಾಗದ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಅಂಚೆ ಮತಗಳು ಬಹಳ ತಿರಸ್ಕೃತವಾಗುತ್ತವೆ ಎಂದು ಓದಿದೆ. ಏಕೆ? – ಮೈಸೂರಿನ ಓದುಗರು

ಉತ್ತರ: ಲಕೋಟೆಯ ಗೊಂದಲ. ವರ್ಮಾಂಟ್‌ನಲ್ಲಿ ಮತದಾರರಿಗೆ ಪಕ್ಷದ ನೋಂದಣಿಯೇ ಇಲ್ಲ. ಹಾಗಾಗಿ ಡೆಮಾಕ್ರಟಿಕ್, ರಿಪಬ್ಲಿಕನ್, ಪ್ರೊಗ್ರೆಸಿವ್ ಮೂರೂ ಪಕ್ಷಗಳ ಮತಪತ್ರ ಮನೆಗೆ ಬರುತ್ತವೆ, ತುಂಬಬೇಕಾದದ್ದು ಒಂದೇ. ಅದನ್ನು ಒಳಲಕೋಟೆಗೆ ಹಾಕಿ, ಅಂಟಿಸಿ, ಹೊರಗೆ ಸಹಿ ಮಾಡಬೇಕು. ಉಳಿದ ಎರಡು ಖಾಲಿ ಪತ್ರಗಳನ್ನೂ ಅದಕ್ಕೆಂದೇ ಕೊಟ್ಟ ಬೇರೆ ಲಕೋಟೆಯಲ್ಲಿಟ್ಟು ಕಳಿಸಬೇಕು. ‘ಖಾಲಿ ತಾನೇ’ ಎಂದು ಕಸಕ್ಕೆ ಎಸೆದರೆ ತುಂಬಿದ ಮತವೂ ಹೋಯಿತು. 2020ರ ಪ್ರೈಮರಿಯಲ್ಲಿ ಸಾವಿರಾರು ಮತಗಳು ದೋಷದಿಂದ ಎಣಿಕೆಗೆ ಬರಲಿಲ್ಲ, ಅದರಲ್ಲಿ ಇದೂ ಒಂದು ಮುಖ್ಯ ಕಾರಣ. ಮತ್ತೊಂದು, ತಡ: ಮತದಾನದ ದಿನ ಸಂಜೆ 7ರೊಳಗೆ ಕ್ಲರ್ಕ್ ಕೈ ಸೇರಬೇಕು, ಅಂಚೆ ಮುದ್ರೆಯ ದಿನಾಂಕ ಲೆಕ್ಕಕ್ಕಿಲ್ಲ. ಬೇಗ ಕಳಿಸಿದರೆ ತಪ್ಪನ್ನು ತಿದ್ದಿಕೊಳ್ಳಲು ಸಮಯವಾದರೂ ಇರುತ್ತದೆ. ನೂರಿನ್ನೂರು ಮತಗಳಲ್ಲಿ ಹಣೆಬರಹ ತೀರ್ಮಾನವಾಗುವ ಕ್ಷೇತ್ರದಲ್ಲಿ, ಎದುರಾಳಿಗಿಂತ ಈ ಲಕೋಟೆಗೇ ಹೆಚ್ಚು ಹೆದರಬೇಕು. 2016ರ ನವೆಂಬರ್ ಚುನಾವಣೆಯಲ್ಲಿ ಆರೆಂಜ್-1 ಎಂಬ ಹಳ್ಳಿ ಕ್ಷೇತ್ರದ ಪ್ರೊಗ್ರೆಸಿವ್ ಶಾಸಕಿ ಸೂಸನ್ ಹ್ಯಾಚ್ ಡೇವಿಸ್ ಸೋತದ್ದು ಹತ್ತಕ್ಕಿಂತ ಕಡಿಮೆ ಮತಗಳಿಂದ.

ಇನ್ನೊಂದು ಸೂಕ್ಷ್ಮವಿದೆ. ಅಭ್ಯರ್ಥಿಯ ಹೆಸರು ಒಂದೇ ಪಕ್ಷದ ಮತಪತ್ರದಲ್ಲಿ ಅಚ್ಚಾಗಬಹುದು. ತಮ್ಮ ಹೆಸರಿನ ಪಕ್ಕ ಎರಡು ಪಕ್ಷಗಳ ಹೆಸರೂ ಬೇಕೆನ್ನುವವರು ಡೆಮಾಕ್ರಟಿಕ್ ಪತ್ರದಲ್ಲಿ ಹೆಸರು ಹಾಕಿಸಿ, ಪ್ರೊಗ್ರೆಸಿವ್ ಪತ್ರದ ಖಾಲಿ ಗೆರೆಯಲ್ಲಿ ಬೆಂಬಲಿಗರಿಂದ ಕೈಬರಹದಲ್ಲಿ ಬರೆಸುತ್ತಾರೆ. ಆದರೆ ಹಾಗೆ ಬರೆದವರ ಮತ ಡೆಮಾಕ್ರಟಿಕ್ ಸ್ಪರ್ಧೆಗೆ ಸಿಗುವುದಿಲ್ಲ. ಪೈಪೋಟಿ ಇರುವ ವರ್ಷ ಬೆಂಬಲಿಗರನ್ನು ಆ ಪತ್ರಕ್ಕೆ ಎಣಿಸಿ ಎಣಿಸಿ ಕಳಿಸಬೇಕು. ಉತ್ಸಾಹಕ್ಕೆ ಎಲ್ಲರಿಗೂ ಹೇಳಿದರೆ ಪ್ರೊಗ್ರೆಸಿವ್ ಹೆಸರು ಸಿಗುತ್ತದೆ, ಡೆಮಾಕ್ರಟಿಕ್ ಟಿಕೆಟ್ ಕೈತಪ್ಪುತ್ತದೆ.

ಪ್ರಶ್ನೆ: ಮಗಳು ಅಲ್ಲಿ ಎಚ್-1ಬಿ ವೀಸಾದಲ್ಲಿದ್ದಾಳೆ. ಇಂಥ ಪ್ರಚಾರಕ್ಕೆ ಹಣ ಕೊಡಬಹುದೇ? – ಧಾರವಾಡದ ಓದುಗರು

ಉತ್ತರ: ಕೂಡದು. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ವೀಸಾದವರು ರಾಜ್ಯ ಮಟ್ಟದ ಚುನಾವಣೆಗೂ ಒಂದು ಡಾಲರ್ ಸಹ ಕೊಡುವಂತಿಲ್ಲ. ಸಂಬಳವಿಲ್ಲದೆ ಮನೆ ಮನೆಗೆ ಹೋಗಬಹುದು, ಫೋನ್ ಮಾಡಬಹುದು. ಆದರೆ ಹಣ ಎಲ್ಲಿ, ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಕೂರಬಾರದು.