ಓದುಗರ ಪ್ರಶ್ನೆ: ಮನೆಯೊಳಗೆ ಸುರಿದ ಮಳೆ

ಪ್ರಶ್ನೆ: ಮಾನ್ಯರೇ, ಆಂದ್ರೇ ತಾರ್ಕೋವ್‌ಸ್ಕಿ ನಿರ್ದೇಶಿಸಿದ 1972ರ ರಷ್ಯನ್ ಚಲನಚಿತ್ರ ‘ಸೋಲಾರಿಸ್’ ಅನ್ನು ಮೊನ್ನೆ ರಾತ್ರಿ ನಾನೂ ನನ್ನ ಪತ್ನಿಯೂ ಮನೆಯಲ್ಲಿ ನೋಡಿದೆವು. ನಾಯಕ ತಂದೆಯ ಮುಂದೆ ಮಂಡಿಯೂರಿದ ಕೂಡಲೇ ಕತೆ ಮುಗಿಯಿತೆಂದು ತಿಳಿದು ನಾನು ತಲೆಬಾಗಿಲು ಹಾಕಲು ಎದ್ದು ಹೋದೆ. ಕೊನೆಯವರೆಗೂ ಕುಳಿತು ನೋಡಿದ ಆಕೆ ‘ಅವನು ಊರಿಗೆ ಬಂದೇ ಇಲ್ಲ’ ಎಂದಳು. ಮರುದಿನ ಆ ಭಾಗವನ್ನು ಮತ್ತೆ ಹಾಕಿ ನೋಡಿದ ಮೇಲೂ ನನಗೆ ಅದೆಲ್ಲ ನಾಯಕನ ಕನಸೆಂದೇ ತೋರುತ್ತದೆ. ನಮ್ಮಿಬ್ಬರಲ್ಲಿ ಯಾರು ಸರಿ? — ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸ್ಥಳದ ಮಟ್ಟಿಗೆ ತಮ್ಮ ಪತ್ನಿಯವರೇ ಸರಿ. ತಾವು ಬಾಗಿಲು ಹಾಕಲು ಎದ್ದ ಆ ಹೊತ್ತಿನಲ್ಲಿ ಕ್ಯಾಮೆರಾ ಮನೆಯಿಂದ ಮೇಲೇರುತ್ತ ಹೋಗಿ, ಮನೆ, ಕೊಳ, ಮರಗಳು ಎಲ್ಲವೂ ಸೋಲಾರಿಸ್ ಗ್ರಹದ ಸಾಗರದ ನಡುವಿನ ಒಂದು ಚಿಕ್ಕ ದ್ವೀಪದ ಮೇಲಿವೆ ಎಂಬುದನ್ನು ತೋರಿಸುತ್ತದೆ. ಇದನ್ನು ನಿರ್ದೇಶಕರು ಕೊನೆಯ ಗಳಿಗೆಯಲ್ಲಿ ಎಲ್ಲಿಂದಲೋ ತಂದು ಹಾಕಿದ್ದಲ್ಲ. ಸ್ವಲ್ಪ ಹಿಂದೆಯೇ, ಬಾಹ್ಯಾಕಾಶ ನಿಲ್ದಾಣದಲ್ಲಿರುವ ವಿಜ್ಞಾನಿ ಸ್ನೌತ್, ನಾಯಕ ಕ್ರಿಸ್ ಕೆಲ್ವಿನ್‌ನ ಮಿದುಳಿನ ತರಂಗಗಳ ದಾಖಲೆಯನ್ನು ಸಾಗರದತ್ತ ಕಳುಹಿಸಿದಂದಿನಿಂದ ‘ಅತಿಥಿ’ಗಳು (ಬುದ್ಧಿಯುಳ್ಳ ಆ ಸಾಗರವು ನಿಲ್ದಾಣದವರ ನೆನಪುಗಳಿಂದ ಮಾಡಿ ಕಳುಹಿಸುವ ಮನುಷ್ಯರೂಪಗಳು) ಬರುವುದು ನಿಂತಿದೆಯೆಂದೂ ಸಾಗರದ ಮೇಲೆ ದ್ವೀಪಗಳು ಮೂಡತೊಡಗಿವೆಯೆಂದೂ ಹೇಳುತ್ತಾನೆ. ಅದೇ ಮಾತುಕತೆಯಲ್ಲಿ ಭೂಮಿಗೆ ಹಿಂದಿರುಗುವ ಪ್ರಸ್ತಾಪವೂ ಬರುವುದರಿಂದ ಪ್ರೇಕ್ಷಕರ ಗಮನವೆಲ್ಲ ಪ್ರಯಾಣದ ಕಡೆಗೆ ಹೊರಳಿ, ದ್ವೀಪದ ಸಂಗತಿ ಕಿವಿಯ ಪಕ್ಕದಲ್ಲಿಯೇ ಹಾದುಹೋಗುತ್ತದೆ.

ಇನ್ನು ಕನಸಿನ ವಾದ. ಕನಸು ಎಂದುಬಿಟ್ಟರೆ ಯಾವುದಕ್ಕೂ ಕಾರಣ ಕೊಡಬೇಕಾಗಿಲ್ಲ. ಈ ಚಿತ್ರವಾದರೋ ಕಾರಣವನ್ನು ಬಹಳ ಎಚ್ಚರಿಕೆಯಿಂದ ಮೊದಲೇ ಕಟ್ಟಿಟ್ಟಿದೆ. ಆ ಕೊನೆಯ ದೃಶ್ಯದಲ್ಲಿ ಮನೆಯೊಳಗೆ ಸುರಿಯುವ ಮಳೆಯನ್ನೇ ತೆಗೆದುಕೊಳ್ಳಿ. ಚಾವಣಿಯಿಂದ ಹಬೆಯಾಡುವ ನೀರು ತಂದೆಯ ಬೆನ್ನ ಮೇಲೆ ಬೀಳುತ್ತಿದ್ದರೂ ಆತ ಏನೂ ಆಗಿಲ್ಲವೆಂಬಂತೆ ತನ್ನ ಕೆಲಸದಲ್ಲಿ ತೊಡಗಿದ್ದಾನೆ. ಸೋರುವ ಮಾಳಿಗೆಯ ತತ್ವಪದವನ್ನು ಕೇಳುತ್ತಲೇ ಬೆಳೆದ ನಾವು ಇಲ್ಲಿಯೂ ಅಜ್ಞಾನದ ಸಂಕೇತವನ್ನು ಹುಡುಕಲು ಹೊರಟರೆ ಆಶ್ಚರ್ಯವಿಲ್ಲ. ಆದರೆ ಈ ಮಾಳಿಗೆ ಹಳತಾಗಿ ಸೋರುತ್ತಿಲ್ಲ. ಮಾಳಿಗೆಯಿರುವುದು ಮಳೆಯನ್ನು ತಡೆಯಲಿಕ್ಕೆ ಎಂಬುದು ಅದನ್ನು ಕಟ್ಟಿದವರಿಗೇ ಗೊತ್ತಿಲ್ಲ.

ಚಿತ್ರದ ಆರಂಭದಲ್ಲಿ, ಭೂಮಿಯನ್ನು ಬಿಡುವ ಹಿಂದಿನ ದಿನ, ಇದೇ ಮನೆಯ ಹೊರಗೆ ಹಠಾತ್ತನೆ ಮಳೆ ಬರುತ್ತದೆ. ಉಳಿದವರು ಒಳಗೆ ಓಡುವಾಗ ಕೆಲ್ವಿನ್ ಮಾತ್ರ ತೋಯುತ್ತ ಕುಳಿತಿರುತ್ತಾನೆ. ಅವನ ಮನಸ್ಸಿನಲ್ಲಿ ಮನೆ, ಮಳೆ, ತಂದೆ ಒಂದರೊಳಗೊಂದು ಬೆರೆತು ಉಳಿದಿರಬೇಕು. ಸಾಗರಕ್ಕೆ ದೊರೆತದ್ದು ಆ ಬೆರಕೆಯೇ. ಒಳಗು ಯಾವುದು, ಹೊರಗು ಯಾವುದು ಎಂಬ ವಿವೇಕ ಅದರ ಜೊತೆಗೆ ಹೋಗಲಿಲ್ಲ.

ಇದು ನನ್ನ ಊಹೆ ಮಾತ್ರವೆಂದು ತಾವು ಆಕ್ಷೇಪಿಸಬಹುದು. ಆದರೆ ಸಾಗರ ಇಂಥದೇ ತಪ್ಪನ್ನು ಹಿಂದೆಯೂ ಒಮ್ಮೆ ಮಾಡಿದೆ. ಹಿಂದೆ ಆತ್ಮಹತ್ಯೆ ಮಾಡಿಕೊಂಡಿದ್ದ, ‘ಹಾರಿ’ ಎಂಬ ಹೆಸರಿನ ಕೆಲ್ವಿನ್‌ನ ಪತ್ನಿ ನಿಲ್ದಾಣದಲ್ಲಿ ಮೊದಲ ಸಲ ಪ್ರತ್ಯಕ್ಷಳಾದಾಗ ಆಕೆಯ ಉಡುಪಿನ ಬೆನ್ನಿನಲ್ಲಿ ಕಟ್ಟುವ ದಾರಗಳು ಕಾಣುತ್ತವೆ, ಆದರೆ ಅವನ್ನು ಬಿಚ್ಚಲು ತೆರಪೇ ಇರುವುದಿಲ್ಲ. ಕೆಲ್ವಿನ್ ಕತ್ತರಿ ಹಿಡಿದು ಬಟ್ಟೆಯನ್ನು ಕತ್ತರಿಸಬೇಕಾಗುತ್ತದೆ. ಉಡುಪು ಹೇಗೆ ಕಾಣುತ್ತಿತ್ತು ಎಂಬುದು ಅವನ ನೆನಪಿನಲ್ಲಿತ್ತು, ಹೇಗೆ ತೆರೆಯುತ್ತಿತ್ತು ಎಂಬುದು ಇರಲಿಲ್ಲ. ಬಿಚ್ಚಲಾಗದ ಆ ಉಡುಪೂ ಮಳೆ ತಡೆಯದ ಈ ಚಾವಣಿಯೂ ಒಂದೇ ಕೈಯ ಕೆಲಸ. ನನ್ನ ಮಟ್ಟಿಗೆ ಕನಸಿನ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಪ್ರಶ್ನೆ: ಈ ಚಿತ್ರಕ್ಕೆ ಆಧಾರವಾದ ಕಾದಂಬರಿಯಲ್ಲಿ ಕೊನೆ ಹೀಗಿಲ್ಲವೆಂದು ಕೇಳಿದ್ದೇನೆ. ಹಾಗಿದ್ದರೆ ಮೂಲ ಲೇಖಕರ ಅರ್ಥವನ್ನೇ ಪ್ರಮಾಣವೆಂದು ಹಿಡಿಯಬೇಕಲ್ಲವೇ? — ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಾವು ಕೇಳಿದ್ದು ನಿಜ. ಪೋಲಿಷ್ ಲೇಖಕ ಸ್ಟಾನಿಸ್ಲಾವ್ ಲೆಮ್ ಅವರ 1961ರ ಕಾದಂಬರಿಯಲ್ಲಿ ತಂದೆಯ ಮನೆಯ ದೃಶ್ಯವೇ ಇಲ್ಲ. ಅಲ್ಲಿ ಕೆಲ್ವಿನ್ ಸಾಗರದ ಅಂಚಿಗಿಳಿದು ಕೈ ಚಾಚುತ್ತಾನೆ, ಅಲೆ ಆ ಕೈಯನ್ನು ಮುಟ್ಟದೆಯೇ ಅದರ ಸುತ್ತ ಆವರಿಸಿಕೊಳ್ಳುತ್ತದೆ. ಮನುಷ್ಯನ ಅಳತೆಗೆ ಸಿಗದ ಒಂದು ಬುದ್ಧಿಯ ಎದುರು ನಿಲ್ಲುವುದಷ್ಟೇ ನಮಗೆ ಸಾಧ್ಯ ಎಂಬುದು ಆ ಪುಸ್ತಕದ ನಿಲುವು. ತಾರ್ಕೋವ್‌ಸ್ಕಿ ಅದೇ ಸಾಗರದ ಮೇಲೆ ಒಂದು ಮನೆಯನ್ನು ತಂದಿಟ್ಟರು. ಭೂಮಿಯ ದೃಶ್ಯಗಳನ್ನೂ ಬಂಧುಬಳಗವನ್ನೂ ಸೇರಿಸಿದ್ದು ಲೆಮ್ ಅವರಿಗೆ ಹಿಡಿಸಲಿಲ್ಲ. ಆ ಅಸಮಾಧಾನವನ್ನು ಅವರು ಮುಚ್ಚಿಡಲೂ ಇಲ್ಲ. ಪುಸ್ತಕಕ್ಕೆ ಲೆಮ್ ಪ್ರಮಾಣ, ನಿಜ. ಆದರೆ ಅವರೇ ತನ್ನದಲ್ಲವೆಂದು ದೂರವಿಟ್ಟ ದೃಶ್ಯಗಳಿಗೆ ಅವರನ್ನೇ ಸಾಕ್ಷಿಗೆ ಕರೆಯುವುದು ಸರಿಯಾಗದು.

2002ರಲ್ಲಿ ಅಮೆರಿಕದ ಸ್ಟೀವನ್ ಸೋಡರ್‌ಬರ್ಗ್ ಇದೇ ಕಾದಂಬರಿಯನ್ನು ಮತ್ತೆ ಚಿತ್ರವಾಗಿಸಿದರು. ಅದರ ಕೊನೆಯಲ್ಲಿ ನಾಯಕನ ಬೆರಳಿಗಾದ ಗಾಯ ನೋಡನೋಡುತ್ತಿದ್ದಂತೆ ಮಾಯವಾಗುವುದರಿಂದ, ಅವನು ಎಲ್ಲಿದ್ದಾನೆಂಬ ಸಂಶಯವೂ ಬೆರಳಿನ ಗಾಯದಂತೆಯೇ ಮಾಯವಾಗುತ್ತದೆ. ನೋಡುವವರಿಗೆ ಅದು ಅನುಕೂಲ. ನನಗೇನೋ ಮಳೆಯೇ ಹೆಚ್ಚು ಹಿಡಿಸಿತು.

ಪ್ರಶ್ನೆ: ಅದು ದ್ವೀಪವೆಂದು ಒಪ್ಪಿದೆ. ಆದರೆ ಮಂಡಿಯೂರಿದವನಾದರೂ ನಿಜವಾದ ಕೆಲ್ವಿನ್‌ನೇ, ಅಥವಾ ಅವನನ್ನೂ ಸಾಗರವೇ ಮಾಡಿದೆಯೇ? ಅವನೇ ಆಗಿದ್ದರೆ, ತಾನು ಮೋಸ ಹೋಗುತ್ತಿರುವುದು ಅವನಿಗೆ ತಿಳಿದಿದೆಯೇ? — ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ಚಿತ್ರ ನಿಜವಾಗಿಯೂ ಬಿಡಿಸದೆ ಉಳಿಸಿರುವ ಪ್ರಶ್ನೆ ಇದು. ಮೊದಲ ಭಾಗಕ್ಕೆ ಚಿತ್ರದಲ್ಲಿ ಖಚಿತವಾದ ಸಾಕ್ಷ್ಯವಿಲ್ಲ. ಎರಡು ಅರ್ಥಗಳೂ ನಿಲ್ಲುತ್ತವೆ. ಎರಡನೆಯ ಭಾಗದ ಬಗ್ಗೆ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ.

ಮಂಡಿಯೂರಿದ ಮಗನ ಹೆಗಲ ಮೇಲೆ ತಂದೆ ಕೈಯಿಟ್ಟ ಆ ಭಂಗಿಯು, ಆಗಿನ ಲೆನಿನ್‌ಗ್ರಾಡ್‌ನ ಹರ್ಮಿಟಾಜ್ ಸಂಗ್ರಹಾಲಯದಲ್ಲಿದ್ದ, ಮನೆಬಿಟ್ಟ ಮಗನ ಮರಳುವಿಕೆಯನ್ನು ಚಿತ್ರಿಸುವ ರೆಂಬ್ರಾಂಟ್‌ನ ಕಲಾಕೃತಿಯನ್ನು ನೆನಪಿಸುತ್ತದೆ. ಬೈಬಲಿನ ಆ ಕತೆಯಲ್ಲಿ ಪಾಲು ತೆಗೆದುಕೊಂಡು ಹೋಗಿ ಎಲ್ಲವನ್ನೂ ಕಳೆದುಕೊಂಡ ಕಿರಿಯ ಮಗ ಬರಿಗೈಯಲ್ಲಿ ಹಿಂದಿರುಗುತ್ತಾನೆ, ತಂದೆ ಅವನನ್ನು ಸ್ವೀಕರಿಸುತ್ತಾನೆ. ಆ ಮಗನಿಗೆ ಮರಳಲು ಒಂದು ಮನೆಯಿತ್ತು. ಕೆಲ್ವಿನ್ ಹೊರಟದ್ದು ತಾನು ಹಿಂದಿರುಗುವ ಹೊತ್ತಿಗೆ ತಂದೆ ಬದುಕಿರಲಾರರೆಂದು ತಿಳಿದುಕೊಂಡೇ. ಆ ತಂದೆಯೊಡನೆ ಅವನ ಸಂಬಂಧವೂ ಅಷ್ಟೇನೂ ಚೆನ್ನಾಗಿರಲಿಲ್ಲ. ಭೂಮಿಯಲ್ಲಿ ಕೇಳಲಾಗದೆ ಹೋದ ಕ್ಷಮೆಯನ್ನು ಕೇಳಲು ಅವನಿಗೆ ಉಳಿದಿರುವ ಸ್ಥಳ ಈ ದ್ವೀಪವೊಂದೇ.

ಇನ್ನು ಮೋಸದ ಮಾತು. ಮುಂದಿನ ಸಲ ನೋಡುವಾಗ ದಯವಿಟ್ಟು ಒಂದು ಸಂಗತಿಯನ್ನು ಗಮನಿಸಿ. ಕೆಲ್ವಿನ್ ನೇರವಾಗಿ ಬಾಗಿಲಿಗೆ ಹೋಗುವುದಿಲ್ಲ. ಮೊದಲು ಕಿಟಕಿಯ ಬಳಿ ನಿಂತು ಗಾಜಿನ ಮೂಲಕ ಒಳಗೆ ನೋಡುತ್ತಾನೆ. ತಂದೆಯ ಗಮನಕ್ಕೆ ಬಾರದ ಆ ನೀರು ಮಗನ ಕಣ್ಣಿಗೆ ಬೀಳುತ್ತದೆ, ಮನೆಯೊಳಗೆ ಮಳೆ ಸುರಿಯುತ್ತಿರುವುದನ್ನು ಅವನು ಕಾಣುತ್ತಾನೆ. ಅದನ್ನು ಕಂಡಮೇಲೆ ಬಾಗಿಲಿನ ಕಡೆಗೆ ನಡೆಯುತ್ತಾನೆ.