ಡೀಪ್ ಪ್ಯಾನ್ ಪಿಜ್ಜಾದ ಮೇಲ್ಭಾಗ ಕೆಂಪಗಾಗುತ್ತೆ, ತಳ ಮಾತ್ರ ಹಸಿ. ಪಿಜ್ಜಾ ಸ್ಟೋನ್ ತಗೊಳ್ಳಲಾ?

ತಗೋಬೇಡಿ. 28 ಲೀಟರಿನ ಓಟಿಜಿ (ಮೇಲೆ, ಕೆಳಗೆ ಕಾಯುವ ರಾಡ್ ಇರುವ ಸಣ್ಣ ಕರೆಂಟ್ ಓವನ್), 9 ಇಂಚಿನ ಕೇಕ್ ಟಿನ್, ತುಂಡು ಎತ್ತಿದರೆ ಅಡಿಯಲ್ಲಿ ಬಿಳಿ ಹಿಟ್ಟು: ನೀವು ಬರೆದಿರುವ ಫಜೀತಿ ನನಗೆ ಹೊಸದಲ್ಲ, ನಾನು ಮಾಡುವುದೂ ಅಂಥದೇ ಓಟಿಜಿಯಲ್ಲಿ. ಸ್ಟೋನ್, ಅಂದರೆ ಓವನ್‌ನಲ್ಲಿಟ್ಟು ಕಾಯಿಸುವ ಕಲ್ಲಿನ ಹಲಗೆ, ಇರುವುದು ತೆಳು ಪಿಜ್ಜಾಗೆ. ಅಲ್ಲಿ ಹಿಟ್ಟು ನೇರವಾಗಿ ಕಲ್ಲಿನ ಮೇಲೆ ಕೂತು ಕೆಲವೇ ನಿಮಿಷದಲ್ಲಿ ಬೇಯುತ್ತದೆ. ಡೀಪ್ ಪ್ಯಾನ್‌ನಲ್ಲಿ ಹಿಟ್ಟು ಬೇಯುವುದು ಲೋಹಕ್ಕೆ ತಾಗಿಕೊಂಡು, ಎಣ್ಣೆಯಲ್ಲಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು.

ತಳ ಹಸಿ ಉಳಿಯಲು ಮುಖ್ಯ ಕಾರಣ, ಮೇಲಿನ ಬಣ್ಣ ನೋಡಿ ಪಿಜ್ಜಾ ಆಯಿತು ಅಂದುಕೊಳ್ಳುವುದು. ಟಿನ್ನನ್ನು ನಡುವಿನ ರ‍್ಯಾಕ್‌ನಲ್ಲಿಟ್ಟು ಎರಡೂ ರಾಡ್ ಹಾಕಿದರೆ ಮೇಲಿನ ರಾಡ್ ಚೀಸ್‌ಗೆ ಒಂದು ಗೇಣೂ ದೂರ ಇರುವುದಿಲ್ಲ. ಅದರ ಶಾಖ ನೇರವಾಗಿ ಬಡಿದು ಇಪ್ಪತ್ತು ನಿಮಿಷದೊಳಗೆ ಚೀಸ್ ಕೆಂಪಾಗುತ್ತದೆ. ಕೆಳಗಿನ ರಾಡಿನ ಶಾಖವಾದರೋ ಟ್ರೇ ದಾಟಿ, ಟಿನ್ ದಾಟಿ ಹೋಗಬೇಕು, ಅದರಲ್ಲೂ ಹೊಳೆಯುವ ಅಲ್ಯೂಮಿನಿಯಂ ಟಿನ್ ತನ್ನ ಮೇಲೆ ಬಿದ್ದ ಶಾಖದ ಬಹುಪಾಲನ್ನು ವಾಪಸ್ ಅಟ್ಟುತ್ತದೆ. ಹೇಗೋ ಒಳಗೆ ಹೋದದ್ದೂ ಸಾಸು, ತರಕಾರಿಯಿಂದ ಇಳಿದ ನೀರನ್ನು ಕಾಯಿಸುವುದಕ್ಕೇ ಖರ್ಚಾಗುತ್ತದೆ. ನೀರು ನಿಂತಿರುವವರೆಗೆ ಆ ಜಾಗ 100 ಡಿಗ್ರಿ ದಾಟುವುದಿಲ್ಲ. ಹಿಟ್ಟು ಕೆಂಪಗಾಗಲು 140 ಡಿಗ್ರಿಯಾದರೂ ಬೇಕು. ಚೀಸ್ ಸುಡುತ್ತಿದೆ ಅಂತ ನೀವು ಹೊರಗೆ ತೆಗೆಯುವಾಗ ತಳದ ಕೆಲಸ ಅರ್ಧ ಆಗಿರುತ್ತದೆ ಅಷ್ಟೆ. ತಾಪ ಏರಿಸಿದರೆ ಮೇಲ್ಭಾಗ ಇನ್ನೂ ಬೇಗ ಸುಡುತ್ತದೆ. ತಳವನ್ನು ಮೊದಲೇ ಅರ್ಧ ಬೇಯಿಸಿಟ್ಟುಕೊಳ್ಳುವ ನಿಮ್ಮ ಯೋಚನೆಯೂ ಬೇಡ. ಒತ್ತಿ ಹಿಡಿಯಲು ಏನೂ ಇಲ್ಲದೆ ಅಂಚು ಕುಸಿಯುತ್ತದೆ, ನಡುಭಾಗ ಉಬ್ಬುತ್ತದೆ.

ಷಿಕಾಗೋದ ಡೀಪ್ ಡಿಶ್ ಪಿಜ್ಜಾ ಇದಕ್ಕೆ ದಾರಿ ತೋರಿಸಿದೆ. ಅಲ್ಲಿ 1943ರಲ್ಲಿ ಶುರುವಾದ ಪಿಜ್ಜೇರಿಯಾ ಊನೋ ಎಂಬ ಹೋಟೆಲಿನ ಹೆಸರಿನೊಂದಿಗೇ ಬೆಳೆದುಬಂದ ಈ ಪಿಜ್ಜಾದಲ್ಲಿ ಹಿಟ್ಟಿನ ಮೇಲೆ ಮೊದಲು ಚೀಸ್, ಅದರ ಮೇಲೆ ಉಳಿದದ್ದು, ಎಲ್ಲಕ್ಕಿಂತ ಮೇಲೆ ಟೊಮೇಟೊ. ದೀರ್ಘ ಬೇಯುವಿಕೆಯಲ್ಲಿ ಟೊಮೇಟೊ ಚೀಸನ್ನು ಸುಡದಂತೆ ಕಾಯುತ್ತದೆ, ಕರಗಿದ ಚೀಸ್ ಟೊಮೇಟೊದ ನೀರು ಹಿಟ್ಟಿಗೆ ಇಳಿಯದಂತೆ ತಡೆಯುತ್ತದೆ. ನಮ್ಮ ಸಣ್ಣ ಓಟಿಜಿಗೆ ಈ ಕ್ರಮವೇ ಸರಿ. ಚೀಸ್ ಮೇಲೇ ಕಾಣಬೇಕೆಂಬ ಆಸೆ ಬಿಟ್ಟುಬಿಡಿ.

ಇನ್ನು ಶಾಖ. ಮನೆಯಲ್ಲಿ ಹಿಡಿಕೆಯಿಲ್ಲದ 10 ಇಂಚಿನ ಬೀಡಿನ ದೋಸೆ ಕಾವಲಿ ಇದ್ದರೆ ಅದನ್ನು ಅತಿ ಕೆಳಗಿನ ರ‍್ಯಾಕ್‌ನಲ್ಲಿಟ್ಟು, 230 ಡಿಗ್ರಿಯಲ್ಲಿ ಎರಡೂ ರಾಡ್ ಹಾಕಿ 30 ನಿಮಿಷ ಕಾಯಿಸಿ. ಓಟಿಜಿಯ ದೀಪ ಆರಿದ ಕೂಡಲೇ ಕಾವಲಿಯೂ ಕಾದಿದೆ ಅಂದುಕೊಳ್ಳಬೇಡಿ, ಆಗ ಕಾದಿರುವುದು ಗಾಳಿ ಮಾತ್ರ. ಟಿನ್ ಕಪ್ಪು ಬಣ್ಣದ್ದಾಗಿದ್ದರೆ ಒಳ್ಳೆಯದು, 2 ಇಂಚು ಆಳ ಇರಲಿ. ಗಾಜಿನ ಪಾತ್ರೆ ಬೇಡವೇ ಬೇಡ, ಕಾದ ಕಬ್ಬಿಣದ ಮೇಲೆ ಇಟ್ಟರೆ ಸೀಳಬಹುದು.

ಹಿಟ್ಟಿಗೆ ಮೈದಾ 225 ಗ್ರಾಂ, ಚಿರೋಟಿ ರವೆ 25 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 3 ಗ್ರಾಂ, ಉಪ್ಪು 5 ಗ್ರಾಂ, ಸಕ್ಕರೆ 4 ಗ್ರಾಂ, ಉಗುರುಬೆಚ್ಚಗಿನ ನೀರು 140 ಮಿಲಿ, ಎಣ್ಣೆ 30 ಮಿಲಿ, ಕರಗಿಸಿದ ಬೆಣ್ಣೆ 15 ಗ್ರಾಂ. ತಕ್ಕಡಿಯಲ್ಲೇ ತೂಗಿ, ಕಪ್ ಲೆಕ್ಕ ನಂಬಬೇಡಿ. ಎಲ್ಲ ಒಂದಾಗುವವರೆಗೆ, ಅಂದರೆ ಎರಡು ನಿಮಿಷ ನಾದಿದರೆ ಸಾಕು. ಹೆಚ್ಚು ನಾದಿದರೆ ಬ್ರೆಡ್ಡಿನಂತಾಗುತ್ತದೆ, ಅಂಚಿಗೆ ಹತ್ತಿಸಿದ ಹಿಟ್ಟು ವಾಪಸ್ ಎಳೆದುಕೊಳ್ಳುತ್ತದೆ. ಬೆಂಗಳೂರಿನ ಹವೆಯಲ್ಲಿ ಒಂದೂವರೆ ಗಂಟೆ ಮುಚ್ಚಿಡಿ, ಮಂಗಳೂರಿನ ಬೇಸಿಗೆಯಲ್ಲಿ ಅದಕ್ಕೂ ಮೊದಲೇ ಉಬ್ಬೀತು. ರುಚಿ ಬೇಕೆಂದರೆ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ, ಆದರೆ ತಟ್ಟುವುದಕ್ಕೆ ಎರಡು ಗಂಟೆ ಮೊದಲು ಹೊರಗೆ ತೆಗೆಯಿರಿ. ತಣ್ಣಗಿನ ಹಿಟ್ಟು ಒಲೆಗೆ ಹೋದರೆ ಮತ್ತೆ ಅದೇ ಹಸಿ ತಳ.

ಸಾಸಿಗೆ ನೀರು ಕಡಿಮೆ ಇರುವ ಗಟ್ಟಿ ಟೊಮೇಟೊ 700 ಗ್ರಾಂ. ಕುದಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಸಿಪ್ಪೆ ತೆಗೆದು, ಬೀಜ ಹಿಂಡಿ, ಕೈಯಲ್ಲೇ ಹಿಸುಕಿ. ಮಿಕ್ಸಿಗೆ ಹಾಕಬೇಡಿ. ಬೆಳ್ಳುಳ್ಳಿ, ಉಪ್ಪು, ಒರೆಗಾನೊ, ಹುಳಿ ಹೆಚ್ಚಿದ್ದರೆ ಚಿಟಿಕೆ ಸಕ್ಕರೆ ಹಾಕಿ 250 ಗ್ರಾಂಗೆ ಇಳಿಯುವವರೆಗೆ ಬತ್ತಿಸಿ. ತಟ್ಟೆಗೆ ಒಂದು ಚಮಚ ಹಾಕಿ ವಾಲಿಸಿದಾಗ ಸುತ್ತ ನೀರು ಬಿಡಬಾರದು. ಅಣಬೆ, ಕ್ಯಾಪ್ಸಿಕಂ, ಈರುಳ್ಳಿಯನ್ನು ದೊಡ್ಡ ಉರಿಯಲ್ಲಿ ಬಾಡಿಸಿ, ಪೂರ್ತಿ ಆರಿಸಿ. ಇಷ್ಟು ಪಿಜ್ಜಾಗೆ 150 ಗ್ರಾಂ ತರಕಾರಿ ಸಾಕು, ನಮ್ಮವರು ಹೇರುವುದೇ ಹೆಚ್ಚು.

ಟಿನ್ನಿನ ತಳ, ಬದಿಗೆ ಎರಡು ದೊಡ್ಡ ಚಮಚ ಎಣ್ಣೆ ಸವರಿ, ಹಿಟ್ಟನ್ನು ಬೆರಳಲ್ಲಿ ತಟ್ಟುತ್ತಾ ಒಂದೂವರೆ ಇಂಚು ಮೇಲಕ್ಕೆ ಹತ್ತಿಸಿ. ಜಾರಿದರೆ ಜಗ್ಗಬೇಡಿ, ಹತ್ತು ನಿಮಿಷ ಬಿಟ್ಟು ಮತ್ತೆ ತಟ್ಟಿ. ತಳ ಮತ್ತು ಬದಿ ಸೇರುವ ಮೂಲೆಯಲ್ಲಿ ಹಿಟ್ಟು ದಪ್ಪ ಉಳಿಯುತ್ತದೆ, ಅದನ್ನು ಒತ್ತಿ ತೆಳು ಮಾಡಿ. ಮೊಟ್ಜರೆಲ್ಲಾ 200 ಗ್ರಾಂ, ತುರಿದದ್ದಲ್ಲ, ಗಟ್ಟಿ ಚೀಸಿನಿಂದ ಕೊಯ್ದ ಹೋಳುಗಳನ್ನು ಸಂದಿಲ್ಲದಂತೆ ಹಾಸಿ. ನೀರಿನಲ್ಲಿ ಮುಳುಗಿಸಿ ಮಾರುವ ಹಸಿ ಮೊಟ್ಜರೆಲ್ಲಾ ಇಲ್ಲಿಗಾಗದು. ಮೇಲೆ ತರಕಾರಿ, ಕೊನೆಗೆ ಸಾಸ್.

ಕಾದ ಕಾವಲಿಯ ಮೇಲೆ ಟಿನ್ ಇಟ್ಟು, ಕೆಳಗಿನ ರಾಡ್ ಮಾತ್ರ ಹಾಕಿ 220 ಡಿಗ್ರಿಯಲ್ಲಿ 22 ನಿಮಿಷ, ಆಮೇಲೆ ಎರಡೂ ರಾಡ್ ಹಾಕಿ 10ರಿಂದ 13 ನಿಮಿಷ. ಓಟಿಜಿಯ ಗುಂಡಿ ತೋರಿಸುವ ತಾಪ ಎಷ್ಟೋ ಸಲ ನಿಜವಿರುವುದಿಲ್ಲ. ಸ್ಟೋನ್‌ಗೆ ಇಟ್ಟ ದುಡ್ಡಲ್ಲಿ ಒಂದು ಓವನ್ ಥರ್ಮಾಮೀಟರ್ ತಗೊಳ್ಳಿ. ಆಯಿತೋ ಇಲ್ಲವೋ ನೋಡಲು ಚಪ್ಪಟೆ ಸಟ್ಟುಗದಿಂದ ಅಂಚು ಎತ್ತಿ ತಳವನ್ನೇ ನೋಡಿ. ಇನ್ನೂ ಬಿಳಿಚಿಕೊಂಡಿದ್ದರೆ ಟಿನ್ನನ್ನು ನೇರ ಗ್ಯಾಸ್ ಒಲೆಯ ಸಣ್ಣ ಉರಿಯ ಮೇಲಿಟ್ಟು ತಿರುಗಿಸುತ್ತಾ ಒಂದೆರಡು ನಿಮಿಷ ಕಾಯಿಸಿ, ಎಣ್ಣೆ ಚುರುಗುಟ್ಟುವುದು ಕೇಳಿಸುತ್ತದೆ. ನಾನ್‌ಸ್ಟಿಕ್ ಟಿನ್‌ಗೆ ಮಾತ್ರ ಇದು ಬೇಡ.

ಹತ್ತು ನಿಮಿಷ ಆರಲು ಬಿಟ್ಟು, ಟಿನ್ನಿನಿಂದ ತೆಗೆದು ಜಾಲರಿಯ ಮೇಲಿಟ್ಟು ಕೊಯ್ಯಿರಿ. ಟಿನ್ನಿನಲ್ಲೇ ಬಿಟ್ಟರೆ ಹಬೆಗೆ ತಳ ಮತ್ತೆ ಮೆತ್ತಗಾಗುತ್ತದೆ. ಉಳಿದದ್ದನ್ನು ಮರುದಿನ ಕಾವಲಿಯ ಮೇಲೆ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮೈಕ್ರೋವೇವ್‌ನಲ್ಲಲ್ಲ.